ಬ್ಲಫ್ ಶ್ರುತಿ

ನನ್ನ ಮಗಳು ಆಶಾರಾಣಿಯ ಎರಡನೇ ಆಲ್ಬಮ್ ವಿಚಾರ ಪೇಪರಿನಲ್ಲಿ ಫೋಟೋ ಸಮೇತ ಬಂದ ದಿನ, ಬೆಳಿಗ್ಗೆ ಏಳೂವರೆಗೇ ಪಕ್ಕದ ಮನೆ ಮಾಯಮ್ಮ ಮುಖ ಊದಿಸಿಕೊಂಡು ಬಂದಳು. ನಮ್ಮ ಬೆಸಗರಹಳ್ಳಿ ಕಡೆ ಆಲ್ಬಮ್ ಅಂದರೆ ಒಂದೇ, ಮದುವೆ ಆಲ್ಬಮ್. ದಪ್ಪ ರಟ್ಟಿನದು, ಒಳಗೆ ಊಟದ ಪಂಕ್ತಿಯಲ್ಲಿ ಬಾಯಿ ತೆರೆದುಕೊಂಡು ಕೂತ ನಾವೆಲ್ಲ.

"ಮೊದಲ್ನೇದುಕ್ಕೇ ನಮ್ಮುನ್ನ ಕರೀನಿಲ್ಲ," ಅಂದಳು. "ಎರಡ್ನೇದುಕ್ಕಾದ್ರೂ ಒಂದು ಮಾತು ಏಳ್ಬಾರ್ದಾಗಿತ್ತಾ ಲಿಂಗರಾಜಣ್ಣ? ಮೊದಲ್ನೇ ಗಂಡ ಏನಾದ?"

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಇಂಥ ಹೊತ್ತಿನಲ್ಲಿ ನಾನು ಸಾಮಾನ್ಯವಾಗಿ ಬೈಯುವುದನ್ನೇ ಆರಿಸಿಕೊಳ್ಳುವವನು. ಅವತ್ತು ಮಾತ್ರ ಖುಷಿಯಲ್ಲಿದ್ದೆ. ಕೂರಿಸಿ, ಕಾಫಿ ಕೊಡಿಸಿ, ಬಿಡಿಸಿ ಹೇಳಿದೆ. ಆಶಾ ಒಂದು ಮದುವೆಯನ್ನೂ ಆಗಿಲ್ಲ, ಇದು ಸಂಗೀತದ ಆಲ್ಬಮ್, ಅವಳು ಮೈಸೂರಿನಲ್ಲಿ ಐದು ಜನರ ಜಾಜ್ ಬ್ಯಾಂಡ್ ಕಟ್ಟಿ ತಾನೇ ಮುಂದೆ ನಿಂತು ಟ್ರಂಪೆಟ್ ಊದುತ್ತಾಳೆ ಅಂತ. ಜಾಜ್ ಅಂದರೇನು ಅಂತ ಕೇಳಿದಳು. ಬ್ಯಾಂಡ್‌ಸೆಟ್ಟೇ, ಆದರೆ ಮದುವೆ ಇರುವುದಿಲ್ಲ, ಜನ ಸುಮ್ಮನೆ ಕೂತು ಕೇಳುತ್ತಾರೆ ಅಂದೆ. ಊಟ? ಅಂದಳು. ಊಟವೂ ಇಲ್ಲ ಅಂದೆ. ಮಾಯಮ್ಮನಿಗೆ ಆಶಾಳ ಮೇಲಿದ್ದ ಕೋಪ ಹೋಗಿ ಕನಿಕರ ಬಂತು.

ಮೊದಲನೇ ಆಲ್ಬಮ್ಮನ್ನು ಯಾರೂ ಮೂಸಿ ನೋಡಿರಲಿಲ್ಲ. ಚೆನ್ನಾಗೇ ಇತ್ತು, ಆದರೆ ಎಲ್ಲರ ಹಾಗೇ ಇತ್ತು. ಎರಡನೆಯದಕ್ಕೆ ಅವಳು ಇಟ್ಟ ಹೆಸರು 'ಬ್ಲಫ್ ಶ್ರುತಿ'. ಆ ಹೆಸರಿನ ಹಿಂದೆ ನಾನಿದ್ದೇನೆ. ಅದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚ ಏನಿಲ್ಲ.

ಬ್ಲಫ್ ಅಂದರೆ ಶಿವನಸಮುದ್ರದ ಪವರ್‌ಹೌಸಿನ ಜಾಗ. ಅಲ್ಲಿ ನಾನು ಮೂವತ್ತೊಂದು ವರ್ಷ ಕೆಲಸ ಮಾಡಿ, ರಿಟೈರಾಗಿ ಆರು ವರ್ಷದ ಹಿಂದೆ ಬೆಸಗರಹಳ್ಳಿಗೆ ಬಂದೆ. ನನಗಿಂತ ಮೊದಲು ಅಲ್ಲಿ ಕೆಲಸದಲ್ಲಿದ್ದವನು ನಮ್ಮಪ್ಪ ಹುಚ್ಚೀರಯ್ಯ. ಕ್ವಾರ್ಟರ್ಸಿನಲ್ಲಿ ಇಪ್ಪತ್ನಾಲ್ಕು ಗಂಟೆಯೂ ಮೆಷಿನ್ನಿನ ಗುಂಯ್ ಅನ್ನುವ ಸದ್ದು. ಹೊಸಬರಿಗೆ ಎರಡು ದಿನ ತಲೆನೋವು, ಮೂರನೇ ದಿನದಿಂದ ಅದು ಕೇಳಿಸುವುದೇ ಇಲ್ಲ. ನಮ್ಮಪ್ಪ ಕೆಲಸದ ಜೊತೆಗೆ ಮದುವೆ ಬ್ಯಾಂಡು ಕಟ್ಟಿದ. ಅವನ ಹತ್ತಿರ ಹಾರ್ಮೋನಿಯಂ ಇರಲಿಲ್ಲ, ಶ್ರುತಿಪೆಟ್ಟಿಗೆ ಇರಲಿಲ್ಲ, ಮೆಷಿನ್ ಇತ್ತು. ಅದರ ಸದ್ದಿಗೇ ಕ್ಲಾರಿನೆಟ್ ಹೊಂದಿಸಿಕೊಂಡ. ಆ ಸದ್ದು ಹಾರ್ಮೋನಿಯಂನ ಕರಿ ಬಿಳಿ ಮನೆಗಳಲ್ಲಿ ಯಾವುದಕ್ಕೂ ಸೇರಿದ್ದಲ್ಲ, ಎರಡು ಮನೆಗಳ ನಡುವಿನ ಗೋಡೆ ಮೇಲೆ ಕೂತಿರುವಂಥದ್ದು. ಅಲ್ಲಿಗೆ ಏರಬೇಕೆಂದು ಅಪ್ಪ ಕ್ಲಾರಿನೆಟ್ಟಿನ ಬಾಯಿಯ ಕೆಳಗೆ ಬರುವ ಮರದ ತುಂಡನ್ನು ಲೇತಿನಲ್ಲಿ ಕೊಯ್ಯಿಸಿ ಗಿಡ್ಡ ಮಾಡಿಸಿದ. ಅದಕ್ಕೆ ಬ್ಯಾರಲ್ ಅನ್ನುತ್ತಾರೆ. ಬ್ಯಾರಲ್ ಗಿಡ್ಡವಾದಷ್ಟೂ ಸ್ವರ ಮೇಲೇರುತ್ತದೆ. ಅಪ್ಪನಿಂದ ಆ ಕ್ಲಾರಿನೆಟ್ಟೂ ಬ್ಯಾಂಡೂ ನನಗೆ ಬಂದವು. ನಮ್ಮವರೆಲ್ಲ ಅದೇ ಶ್ರುತಿಗೆ ಊದುತ್ತಿದ್ದರಿಂದ ನಮ್ಮಷ್ಟಕ್ಕೆ ನಾವು ಸರಿಯಾಗೇ ಇದ್ದೆವು.

ಇಪ್ಪತ್ತು ವರ್ಷದ ಹಿಂದೆ ಸೋಮನಹಳ್ಳಿಯ ಒಂದು ಮದುವೆಯಲ್ಲಿ, ಓಲಗವೂ ಬ್ಯಾಂಡೂ ಒಟ್ಟಿಗೆ ಊದಲಿ ಅಂತ ಗಂಡಿನ ಕಡೆಯವರು ಹಟ ಹಿಡಿದರು. ಊದಿದೆವು. ಕೇಳುವ ಹಾಗಿರಲಿಲ್ಲ. ಓಲಗದ ಯಜಮಾನ ನಾಗಸ್ವರವನ್ನು ಕೆಳಗಿಟ್ಟು, ಚಪ್ಪರಕ್ಕೆಲ್ಲ ಕೇಳುವಂತೆ, "ಏನ್ಲಾ, ಕರೆಂಟ್ ಕಂಬದತ್ರ ನಿಂತ್ಕಂಡು ಸ್ರುತಿ ಮಾಡ್ಕಂಡು ಬಂದಿದ್ದೀಯಾ?" ಅಂದ. ಜನ ಬಿದ್ದು ಬಿದ್ದು ನಕ್ಕರು. ತಮಾಷೆಗೆ ಅಂದ ಮಾತು ಅಕ್ಷರಶಃ ನಿಜವಾಗಿತ್ತು, ನನಗೆ ತಡೆಯಲಾಗದೆ ಹೋದದ್ದು ಅದೇ. ಹನ್ನೆರಡು ವರ್ಷದ ಆಶಾ ಟ್ರಂಪೆಟ್ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಳು. ಬ್ಲಫಿಗೆ ವಾಪಸು ಬಂದವನೇ ಗಿಡ್ಡ ಬ್ಯಾರಲನ್ನು ಕಿತ್ತು ನಾಲೆಗೆ ಎಸೆದು, ಅಂಗಡಿಯಿಂದ ಎಲ್ಲರಿಗೂ ಕೊಡುವಂಥ ಬ್ಯಾರಲ್ ತಂದು ಹಾಕಿದೆ. ಆಮೇಲೆ ನಾನು ನಮ್ಮ ಬ್ಯಾಂಡಿಗೇ ಹೊಂದಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಬಿಟ್ಟುಹೋದರು. ಬ್ಯಾರಲ್ ಎಸೆದದ್ದನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ.

ಈಗ ಅದೇ ಶ್ರುತಿಯಲ್ಲಿ ಮಗಳು ಆಲ್ಬಮ್ ಮಾಡಿದ್ದಾಳೆ, ಸಂಗೀತ ಗೊತ್ತಿದ್ದವರು ತಲೆದೂಗುತ್ತಿದ್ದಾರೆ. ಆಲ್ಬಮ್ ಶುರುವಾಗುವುದೇ ಗುಂಯ್ ಅನ್ನುವ ಸಣ್ಣ ಸದ್ದಿನಿಂದ. 'ಪವರ್‌ಹೌಸಿನ ಉಸಿರು' ಅಂತ ಪೇಪರಿನವರು ಬರೆದಿದ್ದರು. ಅದು ಎರಡನೇ ಮೆಷಿನ್ನು, ಅದಕ್ಕೆ ಗ್ರೀಸ್ ಹಾಕುತ್ತಿದ್ದವನು ನಾನೇ ಅಂತ ಮದ್ದೂರು ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದೆ. ಆಶಾ ಕಳಿಸಿದ ಡಿಸ್ಕಿನ ಕವರಿನ ಹಿಂದೆ ಸಣ್ಣ ಅಕ್ಷರದಲ್ಲಿ ಹೆಸರುಗಳಿದ್ದವು. ಮೊದಲನೇ ಸಾಲೇ 'ಅಪ್ಪ ಲಿಂಗರಾಜು ಅವರಿಗೆ'. ನನ್ನ ಹೆಸರು ಸಿಕ್ಕಿತಲ್ಲ, ಕನ್ನಡಕ ತೆಗೆದು ಜೇಬಿಗಿಟ್ಟೆ.

ಡಿಸೆಂಬರಿನಲ್ಲಿ ಆಶಾ ಫೋನ್ ಮಾಡಿ, ಬರುವ ಭಾನುವಾರ ಮಂಡ್ಯದಲ್ಲಿ ಕಾರ್ಯಕ್ರಮ, ಮೊದಲನೇ ಹಾಡಿಗೆ ನೀನೂ ಕ್ಲಾರಿನೆಟ್ ಊದಬೇಕು ಅಂದಳು. ತಾತನ ಆ ಗಿಡ್ಡ ಬ್ಯಾರಲ್ ಹಾಕಿಕೊಂಡು ಬಾ, ಇಲ್ಲದಿದ್ದರೆ ನಮಗೆ ಸೇರುವುದಿಲ್ಲ, ಇದೆ ತಾನೇ ಅಂತ ಕೇಳಿದಳು. ಇದೆ ಅಂದುಬಿಟ್ಟೆ. ಸುಳ್ಳು ಹೇಳುವುದಕ್ಕೆ ಅರ್ಧ ಸೆಕೆಂಡೂ ಬೇಕಾಗಲಿಲ್ಲ. ಬೇಕಾದದ್ದು ಆಮೇಲಿನ ನಿದ್ದೆ, ಅದು ಬರಲಿಲ್ಲ. ಒಂದು ಸಲ ಸೋಮನಹಳ್ಳಿಯಲ್ಲಿ ನಗೆಪಾಟಲಾಗಿದ್ದೆ. ಈಗ ಮಂಡ್ಯದಲ್ಲಿ, ಮಗಳ ಪಕ್ಕ ನಿಂತು, ಅವಳ ಹೆಸರಿನ ಜೊತೆಗೆ ನಗೆಪಾಟಲಾಗಬೇಕು.

ಆಶಾಳ ಫೋನಿನ ವಿಚಾರವನ್ನೂ ಹೇಳಿಬಿಡುತ್ತೇನೆ. ಅವಳು ವಾರಕ್ಕೆ ಎರಡು ಮೂರು ದಿನ ಬೆಳಿಗ್ಗೆ ಅಡುಗೆ ಹೊತ್ತಿಗೆ ಮಾಡುತ್ತಾಳೆ. ನನ್ನ ಹತ್ತಿರ ಎರಡು ಮಾತು, ಆಮೇಲೆ ಫೋನನ್ನು ಒಲೆಕಟ್ಟೆ ಮೇಲೆ ಇಟ್ಟುಬಿಡು, ಅವ್ವ ತನ್ನ ಕೆಲಸ ಮಾಡಿಕೊಳ್ಳಲಿ ಅನ್ನುತ್ತಾಳೆ. ನನ್ನ ಹೆಂಡತಿ ಪುಟ್ಟಮಾದಮ್ಮ ಈರುಳ್ಳಿ ಹೆಚ್ಚುತ್ತಾಳೆ, ಸೊಪ್ಪು ಬಿಡಿಸುತ್ತಾಳೆ, ಮಾತಿಲ್ಲ ಕತೆಯಿಲ್ಲ, ಅರ್ಧ ಗಂಟೆ ಫೋನು ಹಾಗೇ ಬಿದ್ದಿರುತ್ತದೆ. ಇದೆಂಥ ಮಾತುಕತೆ ಅಂತ ನಾನು ಎಷ್ಟೋ ಸಲ ರೇಗಿದ್ದೇನೆ. ಅವರಿಬ್ಬರೂ ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಸೋಮವಾರ ಹೊಸ ಬ್ಯಾರಲ್ ಒಂದನ್ನು ತೆಗೆದುಕೊಂಡು ಸೋಮನಹಳ್ಳಿಗೆ ಹೋದೆ. ಹೈವೇ ಪಕ್ಕ ಸಿದ್ದರಾಜುವಿನ ಲೇತ್ ಅಂಗಡಿ ಇದೆ. ಅವನು ಬ್ಯಾರಲನ್ನು ತಿರುಗಿಸಿ ನೋಡಿ, ಕೊಯ್ಯುವುದು ಕಷ್ಟವೇನಲ್ಲ, ಎಷ್ಟು ಕೊಯ್ಯಲಿ ಅಂತ ಕೇಳಿದ. ನನಗೆ ಗೊತ್ತಿರಲಿಲ್ಲ. ಹಳೆಯದನ್ನು ಯಾವತ್ತೂ ಅಳೆದವನಲ್ಲ. ಮರ ಕಣಣ್ಣ, ಕೊಯ್ದದ್ದನ್ನು ಮತ್ತೆ ಅಂಟಿಸುವುದಕ್ಕೆ ಆಗದು, ಲೆಕ್ಕ ತಂದುಕೊಡು ಅಂದ.

ಡಿಸ್ಕ್ ಹಾಕಿ ಕೇಳುವುದಕ್ಕೆ ನಮ್ಮ ಮನೆಯಲ್ಲಿ ಪ್ಲೇಯರಿಲ್ಲ, ಆಶಾಳನ್ನು ಕೇಳಿದರೆ ಸುಳ್ಳು ಬಯಲಾಗುತ್ತದೆ. ಲೆಕ್ಕ ಬ್ಲಫಿನಲ್ಲಿದೆ ಅಂತ ಬುಧವಾರ ಮಳವಳ್ಳಿ ಮೇಲೆ ಬ್ಲಫಿಗೆ ಹೋದೆ. ಬಸ್ಸು ಇಳಿದವನಿಗೆ ಏನೋ ಒಂದು ಕಳೆದುಹೋದ ಹಾಗಾಯಿತು. ಸದ್ದೇ ಇಲ್ಲ. ಹಳೇ ಸ್ನೇಹಿತ ಮರಿಯಯ್ಯ ಗೇಟಿನ ಹತ್ತಿರ ಸಿಕ್ಕಿ, ಸರ್ವೀಸಿಗೆ ಅಂತ ಮೆಷಿನ್ ನಿಲ್ಲಿಸಿದ್ದಾರೆ, ಶುರುವಾಗುವುದು ಮುಂದಿನ ವಾರ ಅಂದ. ನಾನು ನಾಲೆಯ ಏರಿ ಮೇಲೆ ಕೂತು ಸದ್ದನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಬಾಯಲ್ಲಿ ಗುಂಯ್ ಅಂದರೆ ಒಂದೊಂದು ಸಲ ಒಂದೊಂದು ಸ್ವರ ಬರುತ್ತಿತ್ತು. ಮೂವತ್ತೊಂದು ವರ್ಷ ಕೇಳಿದ್ದು ಆರು ವರ್ಷಕ್ಕೆ ಅಳಿಸಿಹೋಗಿತ್ತು. ನನಗೆ ಅಳು ಬಂತು. ಮರಿಯಯ್ಯ ನೋಡಲಿಲ್ಲ, ಅಷ್ಟೇ ಸಮಾಧಾನ.

ಸಂಜೆ ಮನೆಗೆ ಬಂದರೆ ಪುಟ್ಟಮಾದಮ್ಮ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಕ್ಲಾರಿನೆಟ್ ತೆಗೆದು ಸುಮ್ಮನೆ ಒಂದು ಸ್ವರ ಹಿಡಿದೆ. ಆ ಕಡೆಯಿಂದ ಸಣ್ಣಗೆ ಗುನುಗು. ಅವಳಿಗೆ ಅದು ಹಳೇ ಚಾಳಿ. ಕೈಯಲ್ಲಿ ಕೆಲಸವಿದ್ದರೆ ಬಾಯಲ್ಲಿ ಗುನುಗು, ರಾಗವಿಲ್ಲ, ಪದವಿಲ್ಲ, ಉದ್ದಕ್ಕೆ ಒಂದೇ ಎಳೆ. ಹಾಡು ಅಂದರೆ ಬಾಯಿ ಮುಚ್ಚಿಕೊಳ್ಳುತ್ತಾಳೆ, ಕೈ ನಿಂತರೆ ಗುನುಗೂ ನಿಲ್ಲುತ್ತದೆ. ಮದುವೆಯಾದ ಮೂವತ್ತೆಂಟು ವರ್ಷದಿಂದ, ನಾನು ಕ್ಲಾರಿನೆಟ್ ಹಿಡಿದಾಗಲೆಲ್ಲ ಅವಳಿಗೆ ಹೇಳುವ ಮಾತು ಒಂದೇ, ಸುಮ್ಕಿರು.

ಅವತ್ತೂ ಹೇಳಲು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ನಿಂತಿತು. ನನ್ನ ಸ್ವರ ಒಂದು ಮನೆಯಲ್ಲಿತ್ತು, ಅವಳದು ಗೋಡೆ ಮೇಲೆ ಕೂತಿತ್ತು.

ಕ್ಲಾರಿನೆಟ್ ಕೆಳಗಿಟ್ಟು ಕೇಳಿದೆ. ಅದೇ. ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಮೂವತ್ತೆರಡು ವರ್ಷ ಆ ಸದ್ದಿನ ಜೊತೆ ಬೇಳೆ ಬೇಯಿಸಿದವಳು, ಅದನ್ನು ಹಾಗೇ ಇಟ್ಟುಕೊಂಡು ಬೆಸಗರಹಳ್ಳಿಗೆ ಬಂದಿದ್ದಳು. ಅವಳಿಗೇ ಗೊತ್ತಿಲ್ಲ. ನನಗೆ ತಟ್ಟನೆ ಒಲೆಕಟ್ಟೆ ಮೇಲಿನ ಫೋನು ನೆನಪಾಯಿತು. ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಡಿಸ್ಕಿನ ಕವರು ತಿರುಗಿಸಿದೆ. ನನ್ನ ಹೆಸರಿನ ಕೆಳಗೆ ಐದೂ ಜನರ ಹೆಸರು, ಎಲ್ಲಕ್ಕೂ ಕೊನೆಗೆ ಒಂದು ಸಾಲು: 'ಶ್ರುತಿ: ಪುಟ್ಟಮಾದಮ್ಮ'.

ಹಿತ್ತಲಿಗೆ ಹೋಗಿ ಆಶಾಗೆ ಫೋನ್ ಮಾಡಿ, ಆಲ್ಬಮ್ಮಿನ ಆ ಗುಂಯ್ ನಿಮ್ಮವ್ವನದಾ ಅಂತ ಕೇಳಿದೆ. ಅವಳು ನಕ್ಕು, ಆಲ್ಬಮ್ ಬಂದು ಮೂರು ತಿಂಗಳಾಯಿತಲ್ಲಪ್ಪ ಅಂದಳು. ಮೊದಲು ಬ್ಲಫಿಗೇ ಹೋಗಿ ರೆಕಾರ್ಡ್ ಮಾಡಿದಳಂತೆ, ನೀರಿನ ಸದ್ದು ಗಾಳಿಯ ಸದ್ದು ಎಲ್ಲ ಸೇರಿಕೊಂಡಿತಂತೆ, ಫೋನಿನಲ್ಲಿ ಹಿಡಿದಿಟ್ಟ ಅವ್ವನ ಗುನುಗು ಅದಕ್ಕಿಂತ ಶುದ್ಧವಾಗಿತ್ತಂತೆ. ಬ್ಯಾರಲ್ಲಿನ ವಿಚಾರವನ್ನೂ ಹೇಳಿಬಿಟ್ಟೆ. ಅವಳು ಅದನ್ನು ಅಲ್ಲಿಗೇ ಬಿಟ್ಟು, "ಅವ್ವುಂಗೆ ಮಾತ್ರ ಈ ಗುನುಗಿನ ಇಚಾರ ಏಳ್ಬ್ಯಾಡ ಕಣಪ್ಪ," ಅಂದಳು. "ಗೊತ್ತಾದ್ರೆ ನಿಲ್ಲುಸ್ಬುಡ್ತಾಳೆ."

ಮಾರನೇ ದಿನ ಪುಟ್ಟಮಾದಮ್ಮನನ್ನು ಸೋಮನಹಳ್ಳಿಗೆ ಹೊರಡಿಸಿದೆ. ಲೇತ್ ಅಂಗಡಿಯಲ್ಲಿ ಸಣ್ಣ ಕೆಲಸ, ಅದು ಮುಗಿದರೆ ಮದ್ದೂರಿನಲ್ಲಿ ನಿನಗೆ ಮಂಡ್ಯಕ್ಕೆ ಉಡಲು ಸೀರೆ ಅಂದೆ. ಕೈ ಬೀಸಿಕೊಂಡು ಬಸ್ಸಿನಲ್ಲಿ ಕೂರುವವಳಲ್ಲ ಅವಳು, ಚೀಲದ ತುಂಬ ಅವರೆಕಾಯಿ ತುಂಬಿಕೊಂಡೇ ಬಂದಳು. ಸಿದ್ದರಾಜು ಕಬ್ಬಿಣದ ಚೂರು ಗುಡಿಸಿ ಒಂದು ಸ್ಟೂಲು ಹಾಕಿಕೊಟ್ಟ. ಅವನು ಕೂದಲೆಳೆಯಷ್ಟು ಕೊಯ್ಯುತ್ತಾನೆ, ಲೇತ್ ನಿಲ್ಲಿಸುತ್ತಾನೆ, ನಾನು ಬ್ಯಾರಲ್ ಸಿಕ್ಕಿಸಿ ಊದುತ್ತೇನೆ, ಆ ಕಡೆ ಸ್ಟೂಲಿನ ಮೇಲೆ ಗುನುಗು. ಇನ್ನೂ ಬೇಕು. ಮತ್ತೆ ಕೊಯ್ಯುತ್ತಾನೆ. ಹನ್ನೊಂದನೇ ಸಲಕ್ಕೆ ಎರಡು ಸದ್ದೂ ಒಂದಾಗಿ, ಯಾವುದು ನನ್ನದು ಯಾವುದು ಅವಳದು ತಿಳಿಯದೆ ಹೋಯಿತು. ಸಿದ್ದರಾಜು ನನ್ನ ಮುಖ ನೋಡಿ ಸ್ವಿಚ್ಚು ಆರಿಸಿದ. ಸೀರೆ ಹಸಿರು ಬಣ್ಣದ್ದು, ಅವಳೇ ಆರಿಸಿದ್ದು.

ಭಾನುವಾರ ಮಂಡ್ಯದ ರಂಗಮಂದಿರ ತುಂಬಿತ್ತು. ಮಾಯಮ್ಮನೂ ಬಂದಿದ್ದಳು, ಊಟ ಇಲ್ಲವೆಂದು ಗೊತ್ತಿದ್ದೂ. ಸ್ಟೇಜಿನ ಒಂದು ಪಕ್ಕ ಆಶಾ ಒಂದು ಕುರ್ಚಿ, ಮೊರದ ತುಂಬ ಅವರೆಕಾಯಿ ಇಡಿಸಿದ್ದಳು. ಬ್ಯಾಂಡಿನ ಹುಡುಗರಿಗೆ ಕಾರ್ಯಕ್ರಮ ಮುಗಿದ ಮೇಲೆ ನಿನ್ನ ಕೈಯ ಸಾರೇ ಬೇಕಂತೆ, ಇಲ್ಲೇ ನಮ್ಮ ಜೊತೆ ಕೂತು ಬಿಡಿಸಿಬಿಡವ್ವ ಅಂತ ಹೇಳಿ ಒಪ್ಪಿಸಿದ್ದಳು. ಅಷ್ಟು ಜನಕ್ಕೆ ಸಾರು ಅಂದ ಮೇಲೆ ಪುಟ್ಟಮಾದಮ್ಮನಿಗೆ ಸ್ಟೇಜು, ಲೈಟು, ಮುಂದಿದ್ದ ಮೈಕು ಯಾವುದೂ ಕಾಣಲಿಲ್ಲ. ಕಂಡದ್ದು ಪರದೆ ಸರಿದ ಮೇಲೆ. ಅಷ್ಟೂ ಮುಖಗಳನ್ನು ನೋಡಿ ಅವಳ ಕೈ ನಿಂತುಹೋಯಿತು. ಐದೂ ಜನ ವಾದ್ಯ ಹಿಡಿದು ಕಾಯುತ್ತಿದ್ದಾರೆ, ಆಶಾ ಟ್ರಂಪೆಟ್ ತುಟಿಯ ಹತ್ತಿರ ಇಟ್ಟುಕೊಂಡಿದ್ದಾಳೆ. ಯಾಕೆ ಶುರುವಾಗುತ್ತಿಲ್ಲ ಅಂತ ಜನರಿಗೆ ಗೊತ್ತಿಲ್ಲ. ಎಲ್ಲೋ ಹಿಂದೆ ಒಬ್ಬ ಕೆಮ್ಮಿದ, ಇನ್ನೊಬ್ಬ ನಕ್ಕ. ಆ ನಗು ನನಗೆ ಗುರುತಿತ್ತು. ಸೋಮನಹಳ್ಳಿಯ ಚಪ್ಪರದ ನಗು.

ನಾನು ಎರಡು ಹೆಜ್ಜೆ ಅವಳ ಕಡೆ ಹೋಗಿ ಬಗ್ಗಿ, "ಉಳ ಅದೆ ನೋಡು ಕಾಯಲ್ಲಿ," ಅಂದೆ.

ಅವಳು ತಲೆ ತಗ್ಗಿಸಿ ಹುಡುಕಿದಳು. ಒಂದು ಕಾಯಿ ಬಿಡಿಸಿದಳು, ಇನ್ನೊಂದು ಬಿಡಿಸಿದಳು. ಐದನೆಯದೋ ಆರನೆಯದೋ ಹೊತ್ತಿಗೆ ಗುನುಗು ಬಂತು. ಮೈಕಿನಲ್ಲಿ ಅದು ಇಡೀ ರಂಗಮಂದಿರಕ್ಕೆ ಹರಡಿ, ನಮ್ಮ ಹಳೇ ಕ್ವಾರ್ಟರ್ಸಿನ ಗೋಡೆಗಳಲ್ಲಿ ಇದ್ದ ಹಾಗೇ ಇತ್ತು. ನಾನು ಗಿಡ್ಡ ಬ್ಯಾರಲ್ಲಿನ ಕ್ಲಾರಿನೆಟ್ ಎತ್ತಿ ಅದರ ಮೇಲೆ ನನ್ನ ಸ್ವರ ಇಟ್ಟೆ. ಸೇರಿತು. ಅದರ ಮೇಲೆ ಮಗಳು ಟ್ರಂಪೆಟ್ ಎತ್ತಿದಳು. ಆಮೇಲೆ ಯಾರೂ ನಗಲಿಲ್ಲ. ಮುಗಿದಾಗ ಜನ ಎದ್ದು ನಿಂತು ತಟ್ಟಿದ ಚಪ್ಪಾಳೆಗೆ ಪುಟ್ಟಮಾದಮ್ಮನೂ ಮೊರ ಪಕ್ಕಕ್ಕಿಟ್ಟು ಮಗಳಿಗೆ ಅಂತ ಚಪ್ಪಾಳೆ ತಟ್ಟಿದಳು.

ವಾಪಸು ಬರುವಾಗ ಬ್ಯಾಂಡಿನವರ ವ್ಯಾನಿನಲ್ಲೇ ಎಲ್ಲರೂ ಬೆಸಗರಹಳ್ಳಿಗೆ ಸಾರಿಗೆ ಹೊರಟೆವು. ಬಿಡಿಸಿದ ಕಾಳು ಪುಟ್ಟಮಾದಮ್ಮನ ಮಡಿಲಲ್ಲಿತ್ತು. ಮದ್ದೂರು ದಾಟಿದ ಮೇಲೆ ಅವಳು ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು.

"ಅಷ್ಟೊತ್ತು ನಾನು ಪಕ್ಕದಲ್ಲೇ ಗುನುಗ್ತಿದ್ನಲ್ಲ, ಇವತ್ತು ಸುಮ್ಕಿರು ಅನ್ನೇ ಇಲ್ಲ?"

ಇನ್ನು ಯಾವತ್ತೂ ಅನ್ನಾಕಿಲ್ಲ ಕಣಮ್ಮಿ ಅಂದೆ. ಅವಳು ಆಯ್ತು ಅಂದು, ಮಡಿಲಿನ ಕಾಳಿನಲ್ಲಿ ಉಳಿದಿದ್ದ ಸಿಪ್ಪೆ ಆರಿಸತೊಡಗಿದಳು.