ಎದುರು ಬೆಂಚಿನವರು

ನನ್ನ ಗಂಡನ ಬಾಯಿಗೆ ಬೀಗ ಹಾಕುವವರು ಯಾರಾದರೂ ಸಿಕ್ಕಿದ್ದರೆ ಮದುವೆಯಾದ ವರ್ಷವೇ ಹಾಕಿಸಿಬಿಡುತ್ತಿದ್ದೆ. ಈಗ ಹಾಗೆ ಅನ್ನಲು ನಾಲಿಗೆ ಏಳುವುದಿಲ್ಲ. ಆದರೆ ಆಗ ಅದು ನಿಜ, ಸುಳ್ಳು ಯಾಕೆ ಹೇಳಲಿ.

ದಿಲ್ಲಿಗೆ ಬಂದ ಕನ್ನಡದವರಿಗೆ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ. ಸುತ್ತ ಯಾರಿಗೂ ನಮ್ಮ ಭಾಷೆ ಬರುವುದಿಲ್ಲ ಎಂಬ ಧೈರ್ಯದಲ್ಲಿ, ಎದುರಿಗಿದ್ದವರನ್ನು ಅವರ ಎದುರಿಗೇ ಆಡಿಕೊಳ್ಳುವುದು. ನಮ್ಮ ಚಂದ್ರಮೋಹನರಾಯರಿಗಂತೂ ಅದೇ ಊಟ, ಅದೇ ನಿದ್ದೆ. ಸಚಿವಾಲಯದಲ್ಲಿ ಗುಮಾಸ್ತಿಕೆ ಮಾಡುತ್ತಾ ಮೇಲಧಿಕಾರಿಗಳನ್ನು ಹೀಗೆ ಆಡಿಕೊಂಡೇ ಸರ್ವಿಸ್ ಮುಗಿಸಿದರು. ನಿವೃತ್ತರಾಗಿ ಇಂದಿರಾಪುರಂನ ಫ್ಲ್ಯಾಟಿಗೆ ಬಂದ ಮೇಲೆ ಅಧಿಕಾರಿಗಳ ಜಾಗಕ್ಕೆ ತರಕಾರಿಯವನು ಬಂದ. "ಭಯ್ಯಾ, ಟಮಾಟರ್ ಕೈಸೇ ದಿಯಾ?" ಎಂದು ನಗುಮುಖದಲ್ಲಿ ಬೆಲೆ ಕೇಳಿ, ಅದೇ ಉಸಿರಿನಲ್ಲಿ, ಅದೇ ನಗುಮುಖದಲ್ಲಿ, "ಲೀಲಾ, ಇವನ ಮೀಸೆ ನೋಡೇ, ಬದನೆಕಾಯಿ ತೊಟ್ಟು ಅಂಟಿಸ್ಕೊಂಡಿದಾನೆ" ಅನ್ನುವರು. ನಾನು, "ಥೂ, ಸುಮ್ನಿರ್ರೀ, ಜನ ನೋಡ್ತಾರೆ" ಅನ್ನುವೆ. ನಾನು ಹಾಗೆ ಬೈಯುವ ತನಕ ಅವರ ಲೆಕ್ಕದಲ್ಲಿ ಜೋಕು ಮುಗಿಯುತ್ತಿರಲಿಲ್ಲ. ಬೈಯುವುದು ತಡವಾದರೆ ನನ್ನ ಮುಖವನ್ನೇ ನೋಡುತ್ತಾ ಕಾಯುವರು.

ಅಂಥವರಿಗೆ ಗಂಟಲಿನ ಕ್ಯಾನ್ಸರ್ ಬಂತು. ಬೀಡಿ ಸಿಗರೇಟು ಮುಟ್ಟದ ಮನುಷ್ಯ. ದೇವರಿಗೆ ಕಣ್ಣಿಲ್ಲ ಅಂತ ನಾನು ಅತ್ತರೆ, ಇವರು ಡಾಕ್ಟರಿಗೆ ಹಿಂದಿಯಲ್ಲಿ, "ಮಾತಾಡಿ ಮಾತಾಡಿ ಸವೆದಿರಬೇಕು ಸಾಬ್, ಹೊಸ ವಾಷರ್ ಹಾಕಿ" ಅಂದರು. ಡಾಕ್ಟರು ನಗಲಿಲ್ಲ.

ಆ ಚಳಿಗಾಲವೆಲ್ಲ ರೇಡಿಯೇಷನ್. ಹೊಗೆ ಕವಿದ ಬೆಳಗಿನಲ್ಲಿ ಆಟೋ, ಆಮೇಲೆ ಮೆಟ್ರೋ, ಆಮೇಲೆ ಆಸ್ಪತ್ರೆಯ ಆ ಉದ್ದನೆಯ ಹಾಲಿನ ಕಬ್ಬಿಣದ ಬೆಂಚು. ನಮ್ಮ ಎದುರು ಬೆಂಚಿನಲ್ಲಿ ಯಾವಾಗಲೂ ಒಂದೇ ಜೋಡಿ. ಕಿವಿ ಮುಚ್ಚುವ ಉಣ್ಣೆ ಟೋಪಿ ಹಾಕಿದ, ಎತ್ತರದ, ಬಿಳಿಚಿದ ಗಂಡಸು; ಪಕ್ಕದಲ್ಲಿ ದೊಡ್ಡ ಬ್ಯಾಗು ಅಪ್ಪಿಕೊಂಡು ಗಂಟುಮುಖ ಹಾಕಿ ಕೂತ ಹೆಂಗಸು. ಕಾಂಪೌಂಡರ್ "ಸುದರ್ಶನ್‌ಜೀ" ಎಂದು ಕೂಗುತ್ತಿದ್ದ. ಹಿಂದಿ ಇಂಗ್ಲಿಷು ಬಿಟ್ಟು ಅವರು ಬೇರೆ ಮಾತಾಡಿದ್ದನ್ನು ಕೇಳಿದವರಿಲ್ಲ. ಪಂಜಾಬಿಗಳೇ ಸರಿ ಎಂದು ನಾವು ತೀರ್ಮಾನ ಮಾಡಿಬಿಟ್ಟೆವು.

ಇನ್ನು ಕೇಳಬೇಕೆ? ಆ ಹೆಂಗಸಿಗೆ ಇವರು 'ಕರ್ಫ್ಯೂ' ಎಂದು ಹೆಸರಿಟ್ಟರು. "ಕರ್ಫ್ಯೂ ಬಂತು, ಎಲ್ಲಾ ಒಳಗೆ ಹೋಗ್ರಪ್ಪಾ." ಬ್ಯಾಗಿನಲ್ಲಿ ಏನಿದೆ ಎಂದು ದಿನಕ್ಕೊಂದು ಕಥೆ: ಒಂದು ದಿನ ರುಬ್ಬುವ ಕಲ್ಲು, ಇನ್ನೊಂದು ದಿನ ಗಂಡನ ಹಳೆಯ ಪ್ರೇಯಸಿ. ಗಂಟಲು ಸುಟ್ಟು ಗಂಜಿಯೂ ಇಳಿಯದ ದಿನಗಳಲ್ಲೂ, ಗೊಗ್ಗರು ದನಿಯಲ್ಲಿ, ಒಂದೊಂದೇ ಪದ ನೂಕಿ ನೂಕಿ ಹೇಳುವರು. ಮಗಳು ಲಾವಣ್ಯಾ ಜೊತೆಗೆ ಬಂದ ದಿನ, "ಪಪ್ಪಾ, ಪ್ಲೀಸ್ ಯಾರ್, ದೇ ಆರ್ ಲುಕಿಂಗ್" ಎಂದು ತಲೆ ತಗ್ಗಿಸಿ ಕೂತಳು. ನನಗೆ ಸಿಟ್ಟು ಬಂದರೂ ಒಳಗೊಳಗೆ ಒಂದು ಧೈರ್ಯ. ಮಾತು ನಿಂತಿಲ್ಲ ಅಂದರೆ ಮನುಷ್ಯ ಇದ್ದಾನೆ ಅಂತ ತಾನೇ?

ಒಂದು ದಿನ ಮಾತ್ರ ಅತಿಯಾಯಿತು. ಆ ಗಂಡಸನ್ನು ವೀಲ್‌ಚೇರಿನಲ್ಲಿ ತಂದರು. ಕಣ್ಣು ಒಳಗೆ ಹೋಗಿತ್ತು. ಇವರು ಸ್ವಲ್ಪ ಹೊತ್ತು ನೋಡಿ, "ಅವನ ರೈಲು ಟಿಕೆಟ್ ಕನ್ಫರ್ಮ್ ಆಗಿಹೋಯ್ತು ಲೀಲಾ. ನಮ್ಮದು ಇನ್ನೂ ಆರ್‌ಎಸಿ. ಕೂರೋಕೆ ಮಾತ್ರ ಜಾಗ, ಮಲಗೋಕೆ ಇನ್ನೂ ಕೊಟ್ಟಿಲ್ಲ" ಅಂದರು.

"ಬಿಡ್ತು ಅನ್ರೀ!" ಅಂದೆ. "ಸಾಯೋರ ಮೇಲೆ ಎಂಥಾ ಮಾತು ಅದು!"

ಅವತ್ತು ನಾನು ಎಂದಿನಂತೆ ಬೈಯಲಿಲ್ಲ, ನಿಜವಾಗಿ ಬೈದೆ. ಮುಂದಿನ ವಾರ ಎದುರು ಬೆಂಚು ಖಾಲಿ. ಅದರ ಮುಂದಿನ ವಾರವೂ ಖಾಲಿ.

"ನನ್ನ ಬಾಯಿ ಕೆಟ್ಟದ್ದು ಕಣೇ" ಅಂದರು ಇವರು. ಅಲ್ಲಿಂದ ಮುಂದೆ ಒಂದು ಜೋಕಿಲ್ಲ. ಇವರು ಸುಮ್ಮನಿರುವುದನ್ನು ಕಂಡು ತರಕಾರಿಯವನೂ ಕೇಳಿದ, "ಅಂಕಲ್‌ಜೀ ಚುಪ್ ಕ್ಯೋಂ ಹೈಂ?"

ಆ ಹೊತ್ತಿಗೆ ಸರಿಯಾಗಿ ಡಾಕ್ಟರು ಹೇಳಿದರು: ರೇಡಿಯೇಷನ್ ಸಾಲದು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ತೆಗೆದರೆ ಬದುಕುವ ಅವಕಾಶ ಉಂಟು, ಬಿಟ್ಟರೆ ಕೆಲವೇ ತಿಂಗಳು. ಕತ್ತಿಗೆ ಯಂತ್ರ ಇಟ್ಟು ಮಾತಾಡುವುದನ್ನು ಆಮೇಲೆ ಕಲಿಯಬಹುದು.

"ಬೇಡ" ಅಂದರು ಇವರು.

ಮನೆಗೆ ಬಂದು ನಾನು ಕೈ ಮುಗಿದೆ, ಕೂಗಾಡಿದೆ, ದೇವರ ಮುಂದೆ ಆಣೆ ಇಡಿಸಲು ನೋಡಿದೆ. ಗೋಡೆಗೆ ಹೇಳಿದ ಹಾಗೆ. "ಮಾತು ತೆಗೆದ ಮೇಲೆ ಏನು ಉಳಿಯುತ್ತೆ ಲೀಲಾ? ಪೆನ್ಷನ್ ತಗೊಳ್ಳೋ ಒಂದು ಹೆಣ. ಅದನ್ನ ಕಟ್ಕೊಂಡು ನೀನೇನು ಮಾಡ್ತೀಯ?"

"ನಂಗೆ ನಿಮ್ಮ ಜೋಕು ಬೇಡ, ನೀವು ಬೇಕು."

"ಅವೆರಡೂ ಬೇರೆ ಬೇರೆ ಅಂತ ನಿಂಗೆ ಯಾರು ಹೇಳಿದ್ರು?"

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಪರೇಷನ್ ಬೇಡವೆಂದು ಸಹಿ ಹಾಕಿಕೊಡಲು ಹೋದ ದಿನ ಅದೇ ಹಾಲಿನಲ್ಲಿ ಕೂತಿದ್ದೆವು. ಆ ಹೆಂಗಸು ಬಂದಳು. ಒಬ್ಬಳೇ. ಅದೇ ಬ್ಯಾಗು. ಎದುರು ಬೆಂಚಿಗೆ ಹೋಗಲಿಲ್ಲ, ನೇರ ನಮ್ಮ ಹತ್ತಿರ ಬಂದು ನಿಂತಳು.

"ನಾನು ಸುಶೀಲಮ್ಮ, ವಸಂತ್ ಕುಂಜ್‌ನಲ್ಲಿರೋದು" ಅಂದಳು. ಕನ್ನಡದಲ್ಲಿ! "ನಮ್ಮ ಮನೆಯವರು ಯೂನಿವರ್ಸಿಟೀಲಿ ಮೇಷ್ಟ್ರಾಗಿದ್ರು. ಹಾಸನದ ಕಡೆಯವರು ನಾವು."

ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಕರ್ಫ್ಯೂ, ರುಬ್ಬುವ ಕಲ್ಲು, ಆ ಹಾಳು ಆರ್‌ಎಸಿ, ಎಲ್ಲಾ ಒಟ್ಟಿಗೆ ಕಿವಿಯಲ್ಲಿ ಮೊಳಗಿತು. ನಾನು ಎದ್ದು ಆಕೆಯ ಎರಡೂ ಕೈ ಹಿಡಿದುಕೊಂಡೆ. "ತಪ್ಪಾಯ್ತಮ್ಮಾ, ಹೊಟ್ಟೆಗೆ ಹಾಕ್ಕೊಳ್ಳಿ."

"ಅಯ್ಯೋ, ಕೂತ್ಕೊಳ್ಳೀಮ್ಮಾ. ಜಗಳಕ್ಕೆ ಬಂದಿಲ್ಲ ನಾನು" ಅಂದಳು ಆಕೆ. "ಮೊದಲ ದಿನವೇ ನಂಗೆ ಮೈಯೆಲ್ಲಾ ಉರಿದಿತ್ತು. ಎದ್ದು ಬಂದು ನಾಲ್ಕು ಮಾತು ಅಂದೇಬಿಡ್ತಿದ್ದೆ. ನಮ್ಮ ಮನೆಯವರೇ ಕೈ ಹಿಡ್ಕೊಂಡು ಕೂರಿಸಿದ್ರು. 'ನಾವು ಕನ್ನಡದವರು ಅಂತ ಗೊತ್ತಾದ್ರೆ ಆತ ಮರ್ಯಾದೆ ಕೊಡೋಕೆ ಶುರು ಮಾಡ್ತಾನೆ, ನನ್ನ ಆಟ ಕೆಡಿಸಬೇಡ' ಅಂದ್ರು. ಆಮೇಲೆ ನಿಮ್ಮೆದುರಿನ ಬೆಂಚೇ ಬೇಕು ಅಂತ ನನ್ನನ್ನ ಬೇಗ ಹೊರಡಿಸ್ತಿದ್ರು. ನಾನು ನಗು ತಡ್ಕೊಳ್ಳೋಕೆ ಆ ಮುಖ ಹಾಕ್ತಿದ್ದೆ."

ಇವರು ತಲೆ ಎತ್ತಿರಲಿಲ್ಲ. "ಕನ್ಫರ್ಮ್ ಅಂದಿದ್ದೂ ಕೇಳಿಸ್ತಾ?"

"ಕೇಳಿಸ್ತು. ಮನೆ ಮುಟ್ಟೋ ತನಕ ನಕ್ಕರು. ನಾನು ಅಳ್ತಾ ಇದ್ದೆ, ಅವರು ನಗ್ತಾ ಇದ್ರು." ಆಕೆ ಬ್ಯಾಗನ್ನು ಎದೆಗೊತ್ತಿಕೊಂಡಳು. "ಕೊನೇ ದಿನ ಬಾಯಲ್ಲಿ ಟ್ಯೂಬು, ಕೈಗೆ ಸೂಜಿ. ನನ್ನ ಕಡೆ ನೋಡಿದ್ರು. ಹಾಸಿಗೆ ಮೇಲಿದ್ದ ಹಸಿರು ಟವೆಲ್ ಎತ್ತಿ, ರೈಲು ಗಾರ್ಡ್ ಬಾವುಟ ಬೀಸ್ತಾರಲ್ಲ, ಹಾಗೆ ಬೀಸಿದ್ರು. ನಂಗೆ ನಗು ತಡೆಯೋಕಾಗ್ಲಿಲ್ಲ. ನರ್ಸು ಬೈದ್ಲು."

"ಟ್ಯೂಬು ಇತ್ತು ಅಂದ್ರಿ?" ಇವರು ಈಗ ತಲೆ ಎತ್ತಿದ್ದರು. "ಒಂದು ಮಾತೂ ಆಡ್ಲಿಲ್ವಾ?"

"ಎಲ್ಲಿಂದ ಆಡ್ತಾರೆ?"

"ಆದ್ರೂ ನೀವು ನಕ್ಕಿದ್ದು ನಿಜ?"

"ನಿಜ. ಅದನ್ನ ನಿಮಗೆ ಹೇಳಿ ಹೋಗೋಣ ಅಂತಲೇ ಬಂದೆ."

ಆಕೆ ಹೋದ ಮೇಲೆ ಇವರು ಖಾಲಿ ಬೆಂಚಿನ ಕಡೆ ತಿರುಗಿದರು. "ನನ್ನ ಜೋಕು ಕದ್ದು ನನಗಿಂತ ಚೆನ್ನಾಗಿ ಮುಗಿಸಿಬಿಟ್ಟ ಆ ಮೇಷ್ಟ್ರು" ಅಂದರು. ಆಮೇಲೆ ಎದ್ದು, "ಚಲೋ, ಡಾಕ್ಟ್ರಿಗೆ ಹೂಂ ಅಂತ ಹೇಳು" ಅಂದರು. ಅವರ ಸ್ವಂತ ಗಂಟಲಿನಲ್ಲಿ ನಾನು ಕೇಳಿದ ಕೊನೆಯ ಮಾತುಗಳಲ್ಲಿ ಅದೂ ಒಂದು.

ಆಪರೇಷನ್ ಆಯಿತು. ಕತ್ತಿನಲ್ಲಿ ಒಂದು ತೂತು, ಅದರಲ್ಲೇ ಉಸಿರು. ಯಂತ್ರದ ಮಾತು ಮುಂದೆ ಕಲಿಯೋಣ ಅಂದಿದ್ದರಲ್ಲ, ಆ ಮುಂದೆ ಬರಲೇ ಇಲ್ಲ. ಮನೆಯಲ್ಲಿ ಎಂಥ ಮೌನ ಅಂದರೆ, ಪಕ್ಕದ ಟವರಿನ ಲಿಫ್ಟಿನ ಸದ್ದೂ ಕೇಳುತ್ತಿತ್ತು. ಟವೆಲ್ ಬೀಸುವುದಿರಲಿ, ಇವರು ಕೈ ಎತ್ತಿ ನೀರು ಬೇಕೆಂದೂ ಕೇಳುತ್ತಿರಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗುವರು. ಇವರ ಬದಲಿಗೆ ನಾನೇ ಏನಾದರೂ ಹೇಳೋಣವೆಂದು ಒಮ್ಮೆ, "ಎದುರು ಮನೆ ಶರ್ಮಾಜೀ ಹೊಟ್ಟೆ ನೋಡಿದ್ರಾ, ಗ್ಯಾಸ್ ಸಿಲಿಂಡರ್ ಹಾಗಿದೆ" ಅಂದೆ. ಇವರು ಪಾಪ ಅನ್ನುವಂತೆ ನನ್ನ ಕೈ ತಟ್ಟಿದರು. ಇಷ್ಟು ವರ್ಷ ಸುಮ್ನಿರ್ರೀ ಸುಮ್ನಿರ್ರೀ ಅಂದಿದ್ದೆನಲ್ಲ, ಈಗ ಸುಮ್ಮನಿದ್ದಾರೆ, ತಗೋ ಲೀಲಾ, ಅನುಭವಿಸು ಎಂದು ನನ್ನನ್ನೇ ನಾನು ಬೈದುಕೊಂಡೆ.

ಮಳೆಗಾಲ ಮುಗಿಯುವ ಹೊತ್ತಿಗೆ ಸ್ಕ್ಯಾನ್ ಮಾಡಿಸಿದರು. ಡಾಕ್ಟರು ಇವರನ್ನು ನೋಡದೆ ನನ್ನನ್ನೇ ನೋಡಿ ಮಾತಾಡಿದರು: ಶ್ವಾಸಕೋಶಕ್ಕೆ ಹರಡಿದೆ. ಇನ್ನು ಮಾಡುವಂಥದ್ದು ಏನೂ ಇಲ್ಲ, ಮನೆಯಲ್ಲೇ ಆರಾಮಾಗಿ ಇಟ್ಟುಕೊಳ್ಳಿ.

ಹೊರಗೆ ಬಂದು ಅದೇ ಬೆಂಚಿನಲ್ಲಿ ಕೂತೆವು. ಧ್ವನಿಯನ್ನು ಕೊಟ್ಟೆವು, ಪ್ರಾಣವಾದರೂ ಉಳಿಯುತ್ತದೆ ಎಂದು ಕೊಟ್ಟೆವು. ಎರಡೂ ಹೋಯಿತು. ಕೊಡಿ ಎಂದು ಕೈ ಮುಗಿದವಳು ನಾನು. ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಇವರು ನನ್ನ ಮೊಣಕೈ ತಿವಿದರು. ನೋಡಿದೆ.

ಜೇಬಿನಿಂದ ಪೆನ್ನು ತೆಗೆದಿದ್ದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಟಿಕೆಟ್ ಕಲೆಕ್ಟರನ ಗತ್ತಿನಲ್ಲಿ, ಎಡ ಅಂಗೈಯನ್ನೇ ಚಾರ್ಟು ಮಾಡಿಕೊಂಡು ಬೆರಳೋಡಿಸಿ ಹುಡುಕಿದರು. ಹೆಸರು ಸಿಕ್ಕಿತು. ಟಿಕ್ ಹಾಕಿದರು. ತಮ್ಮ ಎದೆ ಮುಟ್ಟಿ ತೋರಿಸಿದರು. ಆಮೇಲೆ ಎರಡೂ ಕೈ ಜೋಡಿಸಿ ಕೆನ್ನೆಯ ಕೆಳಗಿಟ್ಟು, ತಲೆ ವಾಲಿಸಿ, ಕಣ್ಣು ಮುಚ್ಚಿದರು. ಮಲಗೋಕೆ ಜಾಗ ಸಿಕ್ಕಿತು.

ಒಂದು ಕಣ್ಣು ತೆರೆದು ನನ್ನ ಮುಖವನ್ನೇ ನೋಡುತ್ತಾ ಕಾದರು.

ಆ ಮಾತನ್ನು ಈಗ ಹೇಗೆ ಅನ್ನಲಿ? ಅವರು ಕಾಯುತ್ತಲೇ ಇದ್ದರು.

"ಥೂ, ಸುಮ್ನಿರ್ರೀ" ಅಂದೆ. ಹಾಲಿಗೆಲ್ಲಾ ಕೇಳುವಷ್ಟು ಜೋರಾಗಿ ಅಂದೆ. "ಜನ ನೋಡ್ತಾರೆ."

ಅವರ ಭುಜ ಕುಲುಕಾಡಿತು. ಸದ್ದಿಲ್ಲ, ಕತ್ತಿನ ತೂತಿನಿಂದ ಬರೀ ಗಾಳಿ.