ಮಾರ್ಕರ್ ಜಹೀರೋದ್ದೀನ

ಜಹೀರೋದ್ದೀನನ ಜೋಡಿನ ಹಿಮ್ಮಡಿ ಎಂದೂ ಸವೆಯುತ್ತಿರಲಿಲ್ಲ. ಮುಂಭಾಗದ ತೊಗಲು ಮಾತ್ರ ಮೇಲಿಂದ ಮೇಲೆ ಹರಿದು ಬಾಯಿ ಬಿಡುತ್ತಿತ್ತು. ಬೀದರಿನ ಚೌಬಾರದ ಗೋಪುರದ ನೆರಳಿನಲ್ಲಿ ಕೂಡುತ್ತಿದ್ದ ಮೋಚಿ ಅದನ್ನು ಹೊಲಿಯುತ್ತ, "ಈ ಮನುಷ್ಯಾ ನೆಲಕ್ಕ ಅರ್ಧಾನೇ ಕಾಲು ಊರ್ತಾನ್ರಿ, ಉಳಿದರ್ಧ ಯಾರಿಗಿ ಇಟ್ಟಾನೋ" ಎಂದು ನಗುತ್ತಿದ್ದ. ಸಂತೆಯ ನೂಕುನುಗ್ಗಲಿನಲ್ಲಿರಲಿ, ಮಸೀದಿಯ ಮೆಟ್ಟಿಲಿಳಿಯುವಾಗಲೇ ಇರಲಿ, ಯಾವ ದಿಕ್ಕಿನಿಂದ ಏನು ಬಂದೀತೋ ಎಂದು ಕಾದವನ ಹಾಗೆ ಮೊಣಕಾಲು ತುಸು ಮಡಚಿ, ಮುಂಗಾಲಿನ ಮೇಲೆ ತೂಗುತ್ತ ನಡೆಯುವುದು ಅವನ ರೀತಿ. ನೀಳಕಾಯ, ಸಿಡುಬಿನ ಕಲೆಗಳ ಶಾಂತ ಮುಖ. ಬಲತೋಳು ಎಡತೋಳಿಗಿಂತ ಎದ್ದು ಕಾಣುವಷ್ಟು ದಪ್ಪ. ಅವನ ಕರಿಯ ಶೇರವಾನಿಯ ಎರಡು ತೋಳುಗಳನ್ನು ದರ್ಜಿ ಬೇರೆಬೇರೆ ಅಳತೆಗೆ ಕತ್ತರಿಸಬೇಕಾಗುತ್ತಿತ್ತು. ಮಾತು ಕಡಿಮೆ. ಗೆದ್ದರೂ ಸೋತರೂ ಅವನ ಬಾಯಿಂದ ಬರುತ್ತಿದ್ದುದು ಒಂದೇ: "ಆತು, ಮುಂದ."

ನಿಜಾಮರ ಆ ಕಾಲದಲ್ಲಿ ಟೆನಿಸ್ ಎಂಬುದು ಅಧಿಕಾರಿಗಳ, ಜಾಗೀರದಾರರ ಸಂಜೆಯ ವಿನೋದ. ಅವರಿಗೆ ಜೊತೆಯಾಗಿ ಆಡುವುದಕ್ಕೂ, ಅವರ ಕೈ ತಿದ್ದುವುದಕ್ಕೂ ಕ್ಲಬ್ಬುಗಳು ಸಂಬಳದ ಆಟಗಾರನೊಬ್ಬನನ್ನು ಇಟ್ಟುಕೊಳ್ಳುತ್ತಿದ್ದವು. ಅವನಿಗೆ ಮಾರ್ಕರ್ ಎಂದು ಹೆಸರು. ಆಟ ಬಲ್ಲವನಾದರೂ ಅವನು ಆಳು. ಆ ಮಾರ್ಕರುಗಳ ಸಾಲಿನಲ್ಲಿ ಎಲ್ಲರಿಗಿಂತ ಮೇಲೇರಿದವನು ಭಾಲ್ಕಿಯ ಒಂದು ಪಡಸಾಲೆಯಿಂದ ಎದ್ದುಹೋದ ಈ ಪಿಂಜಾರರ ಮಗ.

ಭಾಲ್ಕಿಯವನೆಂದರೆ ಹುಟ್ಟಿನಿಂದಲ್ಲ. ಇಂಗ್ರೇಜಿ ಸರಹದ್ದಿನ ಬಾರ್ಶಿಯಲ್ಲಿ ಪ್ಲೇಗು ಬಿದ್ದು ಓಣಿಗಳು ಖಾಲಿಯಾದ ವರ್ಷ ತಂದೆ ಉಸ್ಮಾನ ಮಿಯಾ ಹತ್ತಿ ಪಿಂಜುವ ಬಿಲ್ಲನ್ನು ಹೆಗಲಿಗೇರಿಸಿ, ಹೆಂಡತಿ ಕುಬರಾಳ ಸೊಂಟದಲ್ಲಿ ಎಳೆಗೂಸು ಜಹೀರನನ್ನು ಕೂಡಿಸಿ ನಿಜಾಮರ ಸೀಮೆಗೆ ನಡೆದು ಬಂದಿದ್ದ. ಭಾಲ್ಕಿಯ ಅರಳೆ ವ್ಯಾಪಾರಿ ಮಡೆಪ್ಪ, ಹಣೆಗೆ ಮೂರು ಬೆರಳು ವಿಭೂತಿ ಹಚ್ಚುವ ಧಾರಾಳ ಮನುಷ್ಯ, ತನ್ನ ಗೋದಾಮಿನ ಹಿಂದಿನ ಪಡಸಾಲೆಯನ್ನು ಅವರಿಗೆ ಬಿಟ್ಟುಕೊಟ್ಟ. ಉಸ್ಮಾನ ಮಿಯಾನ ಕೈ ಒಳ್ಳೆಯದು. ಅವನು ಪಿಂಜಿದ ಹತ್ತಿಯ ಗಾದಿಯ ಮೇಲೆ ಮಲಗಿದವರು ಬೇರೆಯವರನ್ನು ಕರೆಯುತ್ತಿರಲಿಲ್ಲ. ಆದರೆ ಊರು ಅವನನ್ನು 'ಬಾರ್ಶಿ ಮಿಯಾ' ಎಂದೇ ಕರೆಯಿತು, ಅವನೂ ಊರನ್ನು ತನ್ನದೆಂದು ಬಗೆಯಲಿಲ್ಲ. ಸುಗ್ಗಿಯಾದ ಮೇಲೆ ಬಾರ್ಶಿಗೆ ಹೋಗುವುದು, ಮಳೆ ನಿಂತ ಮೇಲೆ ಹೋಗುವುದು, ಹಬ್ಬ ಮುಗಿದ ಮೇಲೆ ಹೋಗುವುದು. ಹೀಗೆ ವರ್ಷಗಳು ಸಂದವು. ಪಡಸಾಲೆಯ ಹಿಂಗೋಡೆ ಬಿರಿದು ಗಾಳಿ ಒಳನುಗ್ಗುತ್ತಿದ್ದರೂ ಅವನು ಅದಕ್ಕೆ ಮಣ್ಣು ಮೆತ್ತಲಿಲ್ಲ. "ಹೋಗೋ ಮಂದಿಗಿ ಗೋಡಿ ಯಾಕ?" ಎನ್ನುತ್ತಿದ್ದ. ಕುಬರಾ ಮಾತ್ರ ಒಂದು ದಿನ ಯಾರನ್ನೂ ಕೇಳದೆ ಬಾಗಿಲ ಮುಂದೆ ನುಗ್ಗೆಯ ಕೊಂಬೆಯೊಂದನ್ನು ನೆಟ್ಟಳು.

ಚಳಿಗಾಲ ಬಂತೆಂದರೆ ತಂದೆ ಮಗ ಔರಾದಿನ ಕಡೆಗೆ ಹೋಗಿ, ಮನೆಮನೆಯ ಹಳೆಯ ಗಾದಿ ಬಿಚ್ಚಿ ಪಿಂಜಿಕೊಡುತ್ತಿದ್ದರು. ಬಿಲ್ಲಿಗೆ ಕಟ್ಟಿದ ಕುರಿಗರುಳಿನ ಹುರಿಯನ್ನು ಮರದ ಬಡಿಗೆಯಿಂದ ಮಿಡಿಯುತ್ತ, ಮಿಡಿತಕ್ಕೊಮ್ಮೆ ಹತ್ತಿಯನ್ನು ಮೋಡದಂತೆ ಮೇಲೆಬ್ಬಿಸುವ ಆ ಕೆಲಸದಲ್ಲಿ ಜಹೀರನ ತೋಳು ಬಲಿಯಿತು, ಮಣಿಕಟ್ಟು ಪಳಗಿತು. ಅವನಿಗೆ ಮೀಸೆ ದಟ್ಟವಾಗುತ್ತಿದ್ದ ಹೊತ್ತಿನಲ್ಲಿ ಜಿಲ್ಲೆಯ ಮೇಲಧಿಕಾರಿಯಾದ ಬೀದರಿನ ತಾಲೂಕದಾರ ಸಾಹೇಬರ ದೌರೆ, ಹಳ್ಳಿಗಳ ತಪಾಸಣೆಯ ತಿರುಗಾಟ, ಔರಾದಿಗೆ ಬಂದು ಡೇರೆ ಹೊಡೆಯಿತು. ಸಾಹೇಬರಿಗೆ ಟೆನಿಸ್ ಎಂದರೆ ಪ್ರಾಣ. ಡೇರೆಗಳ ಜೊತೆಗೆ ಬಲೆ, ಬ್ಯಾಟುಗಳೂ ಬಂಡಿಯಲ್ಲಿ ಬರುತ್ತಿದ್ದವು. ಇಬ್ಬನಿಗೋ ಏನೋ ಬ್ಯಾಟಿಗೆ ಹೆಣೆದ ಕರುಳಿನ ತಂತಿ ಹರಿದಾಗ, ಪಿಂಜಾರರ ಬಳಿ ಕರುಳ ಹುರಿ ಇರುತ್ತದೆಂದು ಯಾರೋ ನೆನಪಿಸಿದರು. ಜಹೀರ ತಾಳ್ಮೆಯಿಂದ ಹೆಣೆದು ಕೊಟ್ಟ. ಹುರಿ ತುಸು ದಪ್ಪ. ಬ್ಯಾಟಿನ ದನಿಯೇ ಬೇರೆಯಾಯಿತು.

"ನೀನೇ ಹೊಡೆದು ನೋಡು," ಎಂದರು ಸಾಹೇಬರು.

ಅವನು ಹತ್ತಿ ಮಿಡಿಯುವಂತೆಯೇ ಮಿಡಿದ. ಚೆಂಡು ಬಲೆ ದಾಟಿ, ಡೇರೆ ದಾಟಿ, ಜೋಳದ ಹೊಲದಲ್ಲಿ ಎಲ್ಲೋ ಬಿತ್ತು. ಸಾಹೇಬರು ಮನಸಾರೆ ನಕ್ಕು, ಚೆಂಡನ್ನು ಹುಡುಕಿ ತಂದ ಅವನನ್ನು ಬೀದರಿಗೆ ಬರಹೇಳಿದರು.

ಬೀದರಿನ ಕ್ಲಬ್ಬಿನ ಅಂಗಳ ಕೆಂಪು ಮುರುಮು ಮಣ್ಣಿನದು. ಬೆಳಗ್ಗೆ ಅದಕ್ಕೆ ನೀರು ಹೊಡೆದು ರೋಲರು ಎಳೆಯುವುದು, ಸಂಜೆ ಚೆಂಡು ಹೆಕ್ಕುವುದು, ಯಾರಾದರೂ ಜೊತೆಗಾರರು ಬರದಿದ್ದರೆ ಬ್ಯಾಟು ಹಿಡಿದು ನಿಲ್ಲುವುದು. ಇಷ್ಟು ಅವನ ಕೆಲಸ. ಕಲಿಸಿದವರು ಯಾರೂ ಇಲ್ಲ. ಬಿಡುವಿನಲ್ಲಿ ಹಳೆಯ ಕೋಟೆಗೋಡೆಯ ಕೆಳಗೆ ನಿಂತು ಅದಕ್ಕೇ ಚೆಂಡು ಹೊಡೆಯುತ್ತಿದ್ದ. ಶತಮಾನಗಳ ಮಳೆ ತಿಂದ ಆ ಒರಟು ಕಲ್ಲುಗಳಿಂದ ಚೆಂಡು ನೆಟ್ಟಗೆ ಮರಳಿದ್ದೇ ಇಲ್ಲ. ಅದು ಎಲ್ಲಿಗೆ ಸಿಡಿದೀತೆಂದು ಕಾಯುತ್ತ ಕಾಯುತ್ತ ಅವನ ಹಿಮ್ಮಡಿಗಳು ನೆಲವನ್ನು ಬಿಟ್ಟವು. ಕೆಲವೇ ವರ್ಷಗಳಲ್ಲಿ ಅವನು ಆ ಕ್ಲಬ್ಬಿನ ಎಲ್ಲರಿಗಿಂತ ಚೆನ್ನಾಗಿ ಆಡಬಲ್ಲವನಾದ. ಆದರೆ ಚೆನ್ನಾಗಿ ಆಡುವುದು ಮಾರ್ಕರನ ಕಸುಬಲ್ಲ. ಸಾಹೇಬರ ಬಲಗೈಗೆ ಎಟಕುವಂತೆ ಚೆಂಡು ಹಾಕುವುದು, ಅವರನ್ನು ತುಸು ಓಡಿಸಿ ಬೆವರಿಳಿಸಿ, ಕೊನೆಗೆ ಕೂದಲೆಳೆಯಷ್ಟರಲ್ಲಿ ಸೋತು ಸಲಾಮು ಮಾಡುವುದು ಅವನ ಕಸುಬು. ಅದನ್ನೂ ಅವನು ಶ್ರದ್ಧೆಯಿಂದ ಕಲಿತ.

ಈ ಗುಟ್ಟನ್ನು ಮೊದಲು ಹಿಡಿದವನು ವೈಜಿನಾಥ ವಕೀಲ. ದುಂಡು ಹೊಟ್ಟೆ, ಧೋತರದ ಕಚ್ಚೆ ಬಿಗಿದು ಆಡುವ ಅಭ್ಯಾಸ, ಗೆಲ್ಲುವ ಆಸೆ ಕಿಂಚಿತ್ತೂ ಇಲ್ಲದ ಲಹರಿಯ ಮನುಷ್ಯ. ಒಂದು ಸಂಜೆ ಬಲೆಯ ಹತ್ತಿರ ಬಂದು ಮೆಲ್ಲಗೆ ಕೇಳಿದ:

"ಖರೇ ಹೇಳು ಜಹೀರ, ನೀ ನನ್ನ ಕೂಡ ಆಡ್ಲತ್ತೀಯೋ, ನನ್ನ ಆಡಸ್ಲತ್ತೀಯೋ?"

"ಆಡಸ್ಲತ್ತೇನ್ರಿ ವಕೀಲ ಸಾಹೇಬ್ರ."

"ಹಂಗಾದ್ರ ಇವತ್ತೊಂದಿನ ಆಡು. ನಾ ಯಾರ ಮುಂದೂ ಹೇಳಂಗಿಲ್ಲ."

ಜಹೀರ ಆಡಿದ. ವಕೀಲನ ಬ್ಯಾಟಿಗೆ ಚೆಂಡು ತಗುಲಿದ್ದೇ ಅಪರೂಪ. ಆಟ ಮುಗಿದಾಗ ಅವನು ನೆಲಕ್ಕೆ ಕುಕ್ಕರಿಸಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಜಹೀರ ನಗಲಿಲ್ಲ. ಕೈಕಾಲುಗಳನ್ನೆಲ್ಲ ಪೂರ್ತಿ ಚಾಚಿ ಆಡಿದ ಸುಖ ಅವನಿಗೆ ಎಷ್ಟೋ ದಿನಗಳವರೆಗೆ ತೊಂದರೆ ಕೊಟ್ಟಿತು.

ಹಳೆಯ ತಾಲೂಕದಾರರು ವರ್ಗವಾಗಿ ಬೇರೆಯವರು ಬಂದರು. ಇವರು ತಕ್ಕಮಟ್ಟಿಗೆ ಆಡುತ್ತಿದ್ದರು, ಅದಕ್ಕಿಂತ ಚೆನ್ನಾಗಿ ಆಡುತ್ತೇನೆಂದು ನಂಬಿದ್ದರು. ಹೈದರಾಬಾದಿನ ದೊಡ್ಡ ಕ್ಲಬ್ಬೊಂದರ ಕಾರ್ಯದರ್ಶಿ ಬೀದರಿಗೆ ಬಂದಾಗ, ಊರ ಪ್ರತಿಷ್ಠಿತರೆಲ್ಲ ಕುರ್ಚಿ ಹಾಕಿಕೊಂಡು ಕೂತ ಸಂಜೆ, ಅವರು ಜಹೀರನನ್ನು ಎದುರಿಗೆ ನಿಲ್ಲಿಸಿಕೊಂಡರು. ಬ್ಯಾಟು ತಿರುಗಿಸುತ್ತ ಅತಿಥಿಗೆ ಕೇಳುವಂತೆ ಹೇಳಿದರು: "ಇವನು ಹೊರಗಿನವ, ಪರದೇಶಿ. ಪಿಂಜಾರ. ಬ್ಯಾಟು ಹಿಡಿಯುವುದನ್ನೂ ನಾನೇ ಕಲಿಸಬೇಕಾಯಿತು."

ಆ ಮಾತು ಸುಳ್ಳೆಂಬುದು ಕೂತವರಿಗೆಲ್ಲ ಗೊತ್ತಿತ್ತು. ಜಹೀರನ ಮುಖದಲ್ಲಿ ಸಿಟ್ಟೇನೂ ಕಾಣಲಿಲ್ಲ. ಅವನು ಅಂದು ಸೋಲುವ ಕೆಲಸವನ್ನು ಮಾಡಲಿಲ್ಲ, ಅಷ್ಟೆ. ಬಂದ ಚೆಂಡಿಗೆಲ್ಲ ತಕ್ಕ ಉತ್ತರ ಕೊಟ್ಟ. ಸಾಹೇಬರು ಒಮ್ಮೆ ಈ ಮೂಲೆಗೆ, ಒಮ್ಮೆ ಆ ಮೂಲೆಗೆ ಓಡಿ ಓಡಿ ಬಸವಳಿದರು. ಮುಗಿದ ಮೇಲೆ ಎಂದಿನಂತೆ ಬಗ್ಗಿ ಸಲಾಮು ಮಾಡಿ, ಚೆಂಡುಗಳನ್ನು ಆರಿಸಿಟ್ಟು ಹೋದ. ಮರುದಿನ ಕ್ಲಬ್ಬಿನ ಜವಾನ ಬಾಗಿಲಲ್ಲೇ ತಡೆದು, ಇನ್ನು ಬರಬೇಕಾಗಿಲ್ಲವೆಂದ.

"ಆತು, ಮುಂದ," ಎಂದು ಜಹೀರ ಭಾಲ್ಕಿಯ ದಾರಿ ಹಿಡಿದ.

ಮತ್ತೆ ಹತ್ತಿ, ಮತ್ತೆ ಬಿಲ್ಲು. ಆ ಸಂಜೆ ಕುರ್ಚಿಯಲ್ಲಿ ಕೂತಿದ್ದ ಕಾರ್ಯದರ್ಶಿ ಮಾತ್ರ ಮರೆತಿರಲಿಲ್ಲ. ಕೆಲ ದಿನಗಳ ಮೇಲೆ ವೈಜಿನಾಥ ವಕೀಲ ಟಾಂಗಾ ಮಾಡಿಕೊಂಡು ಭಾಲ್ಕಿಗೆ ಬಂದು ಸುದ್ದಿ ಹೇಳಿದ: ಹೈದರಾಬಾದಿನ ಕ್ಲಬ್ಬಿಗೆ ಮಾರ್ಕರ್ ಬೇಕಾಗಿದ್ದಾನೆ, ಮಾರ್ಕರುಗಳದೇ ದೊಡ್ಡ ಪಂದ್ಯವೂ ಇದೆ. ಆದರೆ ಈ ರಾಜ್ಯದವನು, ಮುಲ್ಕಿ, ಎಂದು ರುಜುವಾತಾಗಬೇಕು. ಹುಟ್ಟಿದ್ದು ಇಲ್ಲಿ ಎಂದರೆ ಸರಿ. ಇಲ್ಲವಾದರೆ ಬಹುಕಾಲ ಇಲ್ಲಿ ನೆಲೆಸಿದವರ ಮನೆಯ ಹಿರಿಯ ಕಚೇರಿಗೆ ಹೋಗಿ, ಹಳೆಯ ಊರಿಗೆ ಎಂದೂ ಮರಳುವುದಿಲ್ಲವೆಂದು ಪ್ರಮಾಣ ಮಾಡಬೇಕು.

ಸುದ್ದಿ ಕೇಳಿ ಮಡೆಪ್ಪನೂ ಗೋದಾಮಿನಿಂದ ಪಡಸಾಲೆಗೆ ಬಂದು ಕೂತ. ಅವನೇ ಸುಲಭದ ದಾರಿ ಹುಡುಕಿದ.

"ಮಿಯಾ, ಸುಮ್ನ ಹೇಳಿಬಿಡು, ಮಗಾ ಇದೇ ಪಡಸಾಲ್ಯಾಗ ಹುಟ್ಟ್ಯಾನ ಅಂತ. ನಾ ಸಾಕ್ಷಿ ನಿಲ್ತೇನಿ. ನನ್ನ ಮಾತಿಗಿ ಯಾರು ಇಲ್ಲ ಅಂತಾರ?"

"ಬ್ಯಾಡ್ರಿ ಸಾವ್ಕಾರ್ರ," ಎಂದ ಉಸ್ಮಾನ ಮಿಯಾ. "ಅವನ ಹೊಕ್ಕಳಬಳ್ಳಿ ಬಾರ್ಶಿಯಾಗ ನನ್ನ ಕೈಲೇ ಹುಗದೇನಿ. ಅದಕ್ಕ ಸುಳ್ಳು ಹೇಳ್ಲಿಕ್ಕ ನನ್ನಿಂದ ಆಗಲ್ದು."

"ಅಬ್ಬಾ, ಇದು ಬಿಡ್ರಿ," ಎಂದ ಜಹೀರ ತಂದೆಗೆ. "ನಾ ಇಲ್ಲೇ ಪಿಂಜ್ಕೋತ ಇರ್ತೇನಿ. ನನಗೇನೂ ಕಮ್ಮಿ ಇಲ್ಲ."

ಒಳಗಿನಿಂದ ಕುಬರಾ ಬಾಗಿಲಿಗೆ ಬಂದು ನಿಂತಳು. "ನೀವು ಹೋಗ್ತೇನಿ ಹೋಗ್ತೇನಿ ಅಂಬೋ ಊರಾಗ ನಮ್ಮವರ ಗೋರಿ ಅವ. ಗೋರಿಗೋಳು ಎಲ್ಲೂ ಹೋಗಂಗಿಲ್ಲ. ಮಗಾ ಮುಂದ ಹೋಗ್ಬೇಕಾಗ್ಯದ, ನೋಡ್ರಿ."

ಭಾಲ್ಕಿಯ ಕಚೇರಿಯಲ್ಲಿ ಉಸ್ಮಾನ ಮಿಯಾ ತೊಳೆದ ಕುಡತಾ ತೊಟ್ಟು, ಎದೆಯ ಮೇಲೆ ಕೈಯಿಟ್ಟು ಪ್ರಮಾಣ ಹೇಳಿದ. ಗದ್ದಲದಲ್ಲಿ ಕಾರಕೂನನಿಗೆ ಕೇಳಿಸಲಿಲ್ಲ. "ಜೋರಾಗಿ ಹೇಳ್ರಿ," ಎಂದ ಅವನು, ಕೆಟ್ಟ ಮನಸ್ಸಿನಿಂದಲ್ಲ. ಮುದುಕ ಗಂಟಲು ಸರಿಮಾಡಿಕೊಂಡು, ಸುತ್ತ ನಿಂತವರೆಲ್ಲ ತಿರುಗಿ ನೋಡುವಂತೆ, "ನಾ ಬಾರ್ಶಿಗಿ ತಿರುಗಿ ಹೋಗಂಗಿಲ್ಲ," ಎಂದ. ಜಹೀರ ಪಕ್ಕದಲ್ಲಿ ನೆಲ ನೋಡುತ್ತ ನಿಂತಿದ್ದ. ಮರುದಿನ ಬೆಳಗ್ಗೆ ಉಸ್ಮಾನ ಮಿಯಾ ಕೆಮ್ಮಣ್ಣಿಗೆ ಹೊಟ್ಟು, ಸಗಣಿ ಕಲಸಿ ತುಳಿದು, ಹಿಂಗೋಡೆಯ ಬಿರುಕುಗಳಿಗೆ ಮೆತ್ತತೊಡಗಿದ.

ಹೈದರಾಬಾದಿನ ಪಂದ್ಯದಲ್ಲಿ ಜಹೀರ ಕೊನೆಯ ಆಟದವರೆಗೆ ನಿರಾಯಾಸವಾಗಿ ಬಂದ. ಅಲ್ಲಿ ಎದುರಾದವನು ಸಿಕಂದರಾಬಾದಿನ ದಂಡಿನ ಛಾವಣಿಯ ಹೆಸರಾಂತ ಮಾರ್ಕರ್, ಭಾರಿ ಹೊಡೆತದವನು. ಮೊದಲ ಸೆಟ್ಟು ಕೈತಪ್ಪಿತು. ತಪ್ಪಿದ್ದು ಎದುರಾಳಿಯ ಬಲಕ್ಕಲ್ಲ. ಆಟ ಬಿಗಿಯಾದಾಗಲೆಲ್ಲ ಜಹೀರನ ಕೈ ತನಗರಿವಿಲ್ಲದೆ ಚೆಂಡನ್ನು ಎದುರಾಳಿಯ ಬಲಗೈಗೆ ಅನುಕೂಲವಾಗಿ ಇಟ್ಟುಕೊಡುತ್ತಿತ್ತು. ವರ್ಷಗಟ್ಟಲೆಯ ವಿನಯ ತೋಳಿನಲ್ಲಿ ಇಳಿದುಬಿಟ್ಟಿತ್ತು. ಅವನು ನೀರು ಕುಡಿಯಲು ಪಕ್ಕಕ್ಕೆ ಬಂದಾಗ, ಕೆಲಸ ಬಿಟ್ಟು ಬೀದರಿನಿಂದ ಬಂದು ಬಿಸಿಲಲ್ಲಿ ಕೂತಿದ್ದ ವೈಜಿನಾಥ ವಕೀಲ ತಾಳಲಾರದೆ ಕೂಗಿದ:

"ಜಹೀರ! ಅಂವ ನಿನ್ನ ಸಾಹೇಬ ಅಲ್ಲೋ! ಅಂವನೂ ನಿನ್ನಂಗ ಒಬ್ಬ ಆಳು!"

ಜಹೀರ ಅವನತ್ತ ನೋಡಿ, ಬಹುಶಃ ಅಂಗಳದಲ್ಲಿ ಮೊದಲ ಬಾರಿಗೆ, ಬಾಯಿತುಂಬ ನಕ್ಕ. ಮುಂದಿನ ಸೆಟ್ಟುಗಳಲ್ಲಿ ಎದುರಾಳಿಗೆ ನಿಂತಲ್ಲಿ ಒಂದು ಚೆಂಡೂ ಸಿಗಲಿಲ್ಲ. ಸಂಜೆಯ ಹೊತ್ತಿಗೆ ಭಾಲ್ಕಿಯ ಪಿಂಜಾರ ನಿಜಾಮ ಸೀಮೆಯ ಮಾರ್ಕರುಗಳಲ್ಲಿ ಮೊದಲಿಗನಾಗಿದ್ದ.

ಅಲ್ಲಿಂದ ಏಳಿಗೆಯ ಕತೆ ಸರಳ. ಹೈದರಾಬಾದಿನ ಕ್ಲಬ್ಬಿನಲ್ಲಿ ಹಿರಿಯ ಮಾರ್ಕರನಾದ. ಮುಂಬಯಿ, ಲಾಹೋರು, ಕಲಕತ್ತೆಗಳಿಂದ ಕರೆ ಬಂದವು. ಸಂಬಳದ ಆಟಗಾರರಲ್ಲಿ ಅವನನ್ನು ಮಣಿಸುವವರು ಬಹುಕಾಲ ಹುಟ್ಟಲಿಲ್ಲ. ಆದರೂ ದೊಡ್ಡವರ ದೊಡ್ಡ ಪಂದ್ಯಗಳ ಬಾಗಿಲು ಹಣಕ್ಕಾಗಿ ಆಡುವವನಿಗೆ ಮುಚ್ಚಿಯೇ ಇತ್ತು, ಅವನ ಚಹಾ ಕ್ಲಬ್ಬಿನ ಹಿತ್ತಿಲಲ್ಲೇ ಆಗುತ್ತಿತ್ತು. ಅವನು ತಿದ್ದಿದ ನವಾಬರ ಮಗನೊಬ್ಬ ಅಂಥ ಪಂದ್ಯವೊಂದನ್ನು ಗೆದ್ದು, ಬೆಳ್ಳಿಯ ಬಟ್ಟಲನ್ನು ಎತ್ತಿಕೊಂಡು ಜಾಳಿಯ ಹಿಂದೆ ನಿಂತಿದ್ದ ಉಸ್ತಾದನ ಬಳಿಗೇ ಓಡಿಬಂದಾಗ, ಜಹೀರ ಬಟ್ಟಲನ್ನು ನೋಡದೆ, "ಎಡಗಾಲು ತಡಾ ಆಗ್ಲತ್ತದ, ನಾಳಿ ಲಗೂನ ಬರ್ರಿ," ಎಂದನಂತೆ.

ಒಮ್ಮೆ ಮುಂಬಯಿಯಿಂದ ಮರಳುವಾಗ ಅವನು ನಡುವೆ ಇಳಿದು, ಸಣ್ಣ ರೈಲು ಹತ್ತಿ ಬಾರ್ಶಿಗೆ ಹೋದ. ಪಿಂಜಾರ ಓಣಿಯಲ್ಲಿ ತಂದೆಯ ಹೆಸರು ಹೇಳಿದರೆ ಯಾರಿಗೂ ತಿಳಿಯಲಿಲ್ಲ. ನೀವು ಯಾವ ಊರವರೆಂದು ಒಬ್ಬರು ಮರಾಠಿಯಲ್ಲಿ ಕೇಳಿದಾಗ, ಯೋಚಿಸುವ ಮೊದಲೇ ಬಾಯಿಂದ 'ಭಾಲ್ಕಿ' ಎಂದು ಬಂದುಬಿಟ್ಟಿತು.

ಭಾಲ್ಕಿಗೆ ಬಂದು ಅದನ್ನು ಹೇಳಿದಾಗ ಕುಬರಾ ಸಾವಿರ ಪ್ರಶ್ನೆ ಕೇಳಿದಳು: ಬಾವಿ ಇನ್ನೂ ಅದ ಏನು, ಮಸೂತಿಯ ಮುಂದಿನ ಬೇವು ಅದ ಏನು, ಓಣಿಯಲ್ಲಿ ಯಾರು ಅದಾರ. ಹತ್ತಿಯ ದೂಳಿಗೆ ಎದೆ ಕೆಟ್ಟು ಗೋಡೆಗೊರಗಿ ಕೂತಿದ್ದ ಉಸ್ಮಾನ ಮಿಯಾ ಮಾತ್ರ ಒಂದೇ ಮಾತು ಕೇಳಿದ.

"ಅಲ್ಲಿ ಯಾರರೆ ಟೆನಿಸ್ ಆಡ್ತಾರೇನು?"

"ನಮ್ಮ ಓಣಿಯಾಗ ಯಾರೂ ಇಲ್ರಿ, ಅಬ್ಬಾ."

"ಹಂಗಾದ್ರ ಬಂದಿದ್ದು ಛಲೋ ಆತು," ಎಂದ ಮುದುಕ.

ಬೇರೆ ಊರಿನಿಂದ ಬಂದವರ ಮಕ್ಕಳು ಮೇಲೇರಿದಾಗ ನಾವು ಅವರ ಕೈಯ ಕಸುವನ್ನು, ಛಲವನ್ನು ಕೊಂಡಾಡುತ್ತೇವೆ; ಅದು ಸುಳ್ಳೇನೂ ಅಲ್ಲ. ಆದರೆ ಅಂಥ ಪ್ರತಿಯೊಂದು ಏಳಿಗೆಯ ಹಿಂದೆಯೂ ಯಾರೋ ಒಬ್ಬರು ಎಲ್ಲೋ ನಿಂತು ತಮ್ಮ ಊರನ್ನು ಎಲ್ಲರಿಗೂ ಕೇಳುವ ಹಾಗೆ ಬಿಟ್ಟುಕೊಟ್ಟಿರುತ್ತಾರೆ. ಆ ದನಿಯನ್ನು ಪಕ್ಕದಲ್ಲಿ ನಿಂತು ಕೇಳಿದ ಮಕ್ಕಳು ಬಲು ದೂರ ಹೋಗುತ್ತಾರೆ, ಬಹಳ ಗೆಲ್ಲುತ್ತಾರೆ; ಗೆದ್ದಾಗ ಮಾತ್ರ ಅವರು ಹೆಚ್ಚು ಗದ್ದಲ ಮಾಡುವುದಿಲ್ಲ.