ಕೆಂಪಂಗಿ, ನೀಲಿ ಅಂಗಿ ಮತ್ತು ಅತ್ತೆಯ ವಿಮರ್ಶೆ

ಮಾವ ತೀರಿಕೊಂಡ ಮೇಲೆ ಅತ್ತೆ ಮಾತು ಬಿಟ್ಟಿದ್ದರು. ಪೂರಾ ಬಿಟ್ಟಿದ್ದರು ಅಂತಲ್ಲ. "ಹ್ಞೂಂ", "ಬೇಡ", "ಆಯ್ತು", ಇಷ್ಟಕ್ಕೆ ಇಳಿದಿದ್ದರು. ಬೀದಿಯ ಆ ತುದಿಗೆ ಕೇಳುವ ಹಾಗೆ ಬಾಯಿ ಮಾಡುತ್ತಿದ್ದ ಹೆಂಗಸು ಈಗ ಹೊಲಿಗೆ ಅಂಗಡಿಯ ಮೂಲೆಯಲ್ಲಿ ಕೂತು, ತುಟಿ ಪಿಟಕ್ಕೆನ್ನದೆ ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ತೆಗೆಯುತ್ತಿದ್ದರು. ಮಷಿನ್ ತುಳಿಯುತ್ತಿದ್ದ ಸೊಸೆ ಅವರನ್ನು ಓರೆಗಣ್ಣಲ್ಲಿ ನೋಡಿ ಒಳಗೊಳಗೇ ಕರಗುತ್ತಿದ್ದಳು. ಹೀಗೇ ಇವರು ಮೌನದಲ್ಲಿ ಮುಳುಗಿಹೋದರೆ ಏನು ಗತಿ ಎಂಬುದೊಂದೇ ಅವಳ ಚಿಂತೆ.

ಮನಸ್ಸು ಹಗುರಾಗಲಿ ಎಂದು ಅವಳು ಅತ್ತೆಯನ್ನು ಆ ದೊಡ್ಡ ಸಿನಿಮಾಕ್ಕೆ ಎಳೆದುಕೊಂಡು ಹೋದಳು. ಅದೇ, ಜನ ಮುಗಿಬಿದ್ದು ನೋಡುತ್ತಿದ್ದ, ಸುಟ್ಟುಹೋಗುತ್ತಿರುವ ಭೂಮಿಯನ್ನು ಉಳಿಸಲು ಒಬ್ಬ ವೀರ ಅಂತರಿಕ್ಷಕ್ಕೆ ಹಾರುವ ಸಿನಿಮಾ. ನಡುವೆ ಒಂದು ಯಂತ್ರ ಆ ವೀರನ ತದ್ರೂಪಿಯನ್ನು ತಯಾರಿಸುತ್ತದೆ. ಮೂಲದವನಿಗೆ ಕೆಂಪಂಗಿ, ತದ್ರೂಪಿಗೆ ನೀಲಿ ಅಂಗಿ. ಕಥೆಯ ಜೀವಾಳವೇ ಅದು; ಕೊನೆಗೆ ನೀಲಿ ಅಂಗಿಯವನನ್ನು ನೌಕೆಯಿಂದ ಆಚೆ ನೂಕಿದಾಗ ನಾಯಕಿ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಸರಿಯಾಗಿ ತದ್ರೂಪಿ ತಯಾರಾಗುವ ಹೊತ್ತಿಗೇ ಅತ್ತೆಗೆ ನಿದ್ದೆ ಹತ್ತಬೇಕೆ! ಅಲ್ಲ ಸ್ವಾಮೀ, ತಣ್ಣನೆ ಗಾಳಿ, ಮೆತ್ತನೆ ಕುರ್ಚಿ, ಅವರದಾದರೂ ಏನು ತಪ್ಪು?

ಮರುದಿನ ಸೊಸೆ ತನ್ನ ಹೊಲಿಗೆ ಪಾಠದ ವಿಡಿಯೋಗೆಂದು ಅತ್ತೆ ಕಾಜಾ ತೆಗೆಯುವುದನ್ನು ಫೋನಿನಲ್ಲಿ ಹಿಡಿಯುತ್ತಿದ್ದಳು. ಮಾತಿಗೆ ಎಳೆಯೋಣವೆಂದು, "ಸಿನಿಮಾ ಹೇಗಿತ್ತು ಅತ್ತೆ?" ಅಂದಳು.

"ಏನು ಸಿನಿಮಾನೋ, ನಾ ಕಾಣೆ. ಭೂಮಿಗೆ ಬೆಂಕಿ ಬಿದ್ದಿದೆ, ಇವನಿಗೆ ಬಟ್ಟೆ ಬದಲಾಯಿಸೋ ಚಪಲ! ಈಗ ಕೆಂಪಂಗಿ, ಕಣ್ಣು ಮಿಟುಕಿಸೋದ್ರಲ್ಲಿ ನೀಲಿ ಅಂಗಿ. ಆಮೇಲೆ ಕನ್ನಡಿ ಮುಂದೆ ನಿಂತು ತನ್ನ ಜೊತೆ ತಾನೇ ಹೊಡೆದಾಟ. ಹೋಗಲಿ, ಕತ್ತಿನಿಂದ ಕಾಲಿನ ತನಕ ಒಂದೇ ಅಂಗಿ, ಅದಕ್ಕೆ ಒಂದು ಗುಂಡಿ ಬೇಡ್ವಾ? ಒಂದಕ್ಕೆ ಅವಸರ ಆದ್ರೆ ಏನು ಮಾಡ್ತಾನೆ? ಆಕಾಶದಲ್ಲಿ ಯಾವ ಮರ ಇದೆ ಮರೆಗೆ?" ಅತ್ತೆ ದಾರ ಕಚ್ಚಿ ತುಂಡು ಮಾಡಿದರು. "ಕೊನೆಗೆ ನೀಲಿ ಅಂಗೀನ ಆಚೆ ಬಿಸಾಕಿದಾಗ ಆ ಹುಡುಗಿ ಅಷ್ಟೊಂದು ಅತ್ತಳಲ್ಲ, ಅದು ಸರಿ. ಒಳ್ಳೇ ಬಟ್ಟೆ ಅದು, ಅಳಬೇಕಾದ್ದೇ."

ಐವತ್ತು ವರ್ಷ ಅಂಗಿಯನ್ನೇ ನೋಡಿಕೊಂಡು ಬಂದವರಿಗೆ, ಒಂದೇ ಮುಖದವರು ಇಬ್ಬರಿದ್ದಾರೆಂದು ಹೇಗೆ ಹೊಳೆದೀತು! ಎಷ್ಟೋ ದಿನದ ಮೇಲೆ ಅತ್ತೆ ಇಷ್ಟುದ್ದ ಮಾತಾಡಿದ್ದರು, ಅದೂ ದನಿ ಏರಿಸದೆ; ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇದನ್ನ ಹಾಕ್ಲಾ ಅತ್ತೆ, ಎಲ್ಲರೂ ನೋಡ್ಲಿ?" ಅಂದರೆ ಮತ್ತೆ ಅದೇ "ಹ್ಞೂಂ".

ಮಾರನೇ ಬೆಳಿಗ್ಗೆ ನೋಡಿದರೆ ವಿಡಿಯೋದ ಕೆಳಗೆ ಮಾತು ಬರೆದವರ ಜಾತ್ರೆಯೇ ನೆರೆದಿತ್ತು. ಸೊಸೆ ಗಟ್ಟಿಯಾಗಿ ಓದತೊಡಗಿದಳು. "ಅಜ್ಜೀ, ಅವರಿಬ್ಬರೂ ಬೇರೆ ಬೇರೆ!" "ಮೂರು ಸಲ ನೋಡಿ ಮೂರು ಸಲವೂ ಅತ್ತಿದ್ದೆ, ಈಗ ನೀಲಿ ಅಂಗಿ ಕಂಡ್ರೆ ನಗು ಬರುತ್ತೆ. ನಿಮಗೆ ಪುಣ್ಯ ಬರಲಿ." ಯಾರೋ ನರ್ಸ್ ಬರೆದಿದ್ದಳು: "ಡ್ಯೂಟಿ ಮುಗಿಸಿ ಸೋತು ಕೂತಿದ್ವಿ. ನಗಿಸಿದ್ರಿ ಅಜ್ಜಿ, ಥ್ಯಾಂಕ್ಸ್."

ಅತ್ತೆ ತಲೆ ಎತ್ತಲಿಲ್ಲ. "ಒಳ್ಳೇದು" ಅಂದರು.

ಮುಂದಿನದನ್ನು ಸೊಸೆ ಓದದೆ ಬಿಟ್ಟಳು. ಥಟ್ಟನೆ ಬಾಯಿಗೆ ಬಂದದ್ದನ್ನು ಸೇರಿಸಿ, "ಅಜ್ಜಿ ನೂರು ವರ್ಷ ಬಾಳಲಿ" ಎಂದು ಓದಿದಳು.

ಸೂಜಿ ನಿಂತಿತು. "ಏನದು ನುಂಗಿದ್ದು?"

"ಏನಿಲ್ಲ ಅತ್ತೆ."

"ಓದು ಅಂದೆ."

ಸೊಸೆ ದನಿ ತಗ್ಗಿಸಿ ಓದಿದಳು: "ಈ ಮುದುಕಿಗೆ ಸಿನಿಮಾ ಅಂದ್ರೆ ಏನು ಗೊತ್ತು? ಗೊರಕೆ ಹೊಡೆದು ಬಂದು ನಮ್ಮ ಹೀರೋನ ಆಡ್ಕೊಳ್ತಾಳೆ. ಧೈರ್ಯ ಇದ್ರೆ ಇನ್ನೊಂದು ಸಲ ನೋಡಿ ಮಾತಾಡ್ಲಿ!"

ಮುಗಿಯಿತು, ಇದ್ದ ನಾಲ್ಕು ಮಾತಿಗೂ ಕಲ್ಲು ಬಿತ್ತು ಅಂದುಕೊಂಡಳು. ಆದರೆ ಅತ್ತೆಯ ಬೆನ್ನು ನೆಟ್ಟಗಾಯಿತು.

"ಗೊರಕೆಯಂತಾ? ನಾನಾ? ಕಣ್ಣು ಮುಚ್ಚಿದ್ದೆ ಅಷ್ಟೆ! ಬರಿಯೇ ಅವನಿಗೆ!" ದನಿ ಬೀದಿ ದಾಟಿತು. ಎದುರಿನ ಬೀಗದ ಕೈ ಮಾಡುವವನು ಬಗ್ಗಿ ನೋಡಿದ. ಅತ್ತೆಯ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು. "ನಿಮ್ಮ ಮಾವನೂ ಹೀಗೇ ಅಂತಿದ್ರು ಕಣೇ, ಪ್ರತಿ ಸಿನಿಮಾಕ್ಕೂ."

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎನ್ನುತ್ತಾರೆ. ಅವರಿಬ್ಬರದು ಬೆಳಿಗ್ಗೆ ಹಲ್ಲುಜ್ಜುವಾಗ ಮತ್ತೆ ಶುರುವಾಗುತ್ತಿತ್ತು.

"ಅವರು ಹೋದ ಮೇಲೆ ಒಬ್ಬರಾದ್ರೂ ನನ್ನ ಜೊತೆ ಜಗಳ ಆಡಿದ್ರೇನೇ? ಸರಿ ಅತ್ತೆ, ಆಯ್ತಮ್ಮ, ನೀವು ಹೇಳಿದ ಹಾಗೇ... ಗಾಜಿನ ಸಾಮಾನಿನ ಥರ ಎತ್ತಿಟ್ಟುಬಿಟ್ರಿ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನನಗೆ ಜಗಳ ಇಲ್ದೆ ಮಾತೇ ಹೊರಡಲ್ಲ. ಆ ಪುಣ್ಯಾತ್ಮನಿಗೆ ಬರಿ: ನಿನ್ನ ಹೊಟ್ಟೆ ತಣ್ಣಗಿರಲಿ, ಇನ್ನೊಂದು ಸಲ ನೋಡ್ಕೊಂಡು ಬರ್ತೀನಿ, ಎಲ್ಲೂ ಹೋಗಬೇಡ. ಬೇಗ ಬರಿಯೇ, ಆಮೆ ಥರ ಕುಟ್ತೀಯಲ್ಲ!"

ಬೈಗುಳ ಕೇಳುತ್ತಲೇ ಸೊಸೆ ಬೇಗ ಬೇಗ ಬರೆದಳು. ಎಲ್ಲಿದ್ದಾನೋ ಗೊತ್ತಿಲ್ಲದ ಆ ಕೋಪಿಷ್ಠ ಅಭಿಮಾನಿಗೆ ಮನಸ್ಸಿನಲ್ಲೇ ಕೈ ಮುಗಿದಳು. ಉತ್ತರ ಕಳಿಸಿ ಫೋನ್ ಕೆಳಗಿಟ್ಟಳು.

"ಆದ್ರೂ ಅತ್ತೆ," ಅಂದಳು, "ನೀವು ಗೊರಕೆ ಹೊಡೆದಿದ್ದು ನಿಜ. ಹಿಂದಿನ ಸಾಲಿನವರು ಎದ್ದು ಬೇರೆ ಸಾಲಿಗೆ ಹೋದ್ರು."

"ಏನಂದೆ?" ಅತ್ತೆ ಮಡಿಲಿನ ಅಂಗಿಯನ್ನು ಪಕ್ಕಕ್ಕೆಸೆದರು.

ಸೊಸೆ ಮಷಿನ್ ನಿಲ್ಲಿಸಿ, ಸ್ಟೂಲನ್ನು ಅತ್ತೆಯ ಕಡೆ ತಿರುಗಿಸಿಕೊಂಡು, ಜಗಳಕ್ಕೆ ಕೂತಳು.